ಮೈಸೂರು ಸೀಮೆಯ ಕಂದಾಚಾರ

ಕಂದಾಚಾರವೆಂಬ ಮಾತು ಕಿವಿಗೆ ಬಿದ್ದೊಡನೆ ಇಂದಿನ ಕನ್ನಡಿಗನ ಮನಸ್ಸಿಗೆ ಹೊಳೆಯುವುದು ಅರ್ಥ ಮರೆತುಹೋದ ಆಚಾರ, ಕುರುಡು ಕಟ್ಟಳೆ, ಮೂಢನಂಬಿಕೆ. ಆದರೆ ನೂರೈವತ್ತು ಇನ್ನೂರು ವರ್ಷಗಳ ಹಿಂದೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಯಾವ ರೈತನ ಮುಂದೆಯಾದರೂ ಇದೇ ಮಾತನ್ನಾಡಿದ್ದರೆ, ಅವನು ನೆನೆಯುತ್ತಿದ್ದುದು ಕೋಟೆಯ ಬಾಗಿಲಲ್ಲಿ ಕೋವಿ ಹಿಡಿದು ಕಾವಲು ನಿಂತ ತನ್ನದೇ ಊರಿನ ಆಳನ್ನು. ಕಂದಾಚಾರವೆಂದರೆ ಮೈಸೂರು ಸಂಸ್ಥಾನದ ನಾಡಪಡೆ. ಅದು ಸಂಪೂರ್ಣವಾಗಿ ಸೈನ್ಯವೂ ಅಲ್ಲ, ಬರಿಯ ಊರ ಕಾವಲೂ ಅಲ್ಲ; ಎರಡರ ನಡುವೆ ನಿಂತು ಎರಡರ ಕೆಲಸವನ್ನೂ ಹೊತ್ತ ಸಂಸ್ಥೆ. ಅರಸರ ಯುದ್ಧಗಳನ್ನೂ ದಿವಾನರ ಸುಧಾರಣೆಗಳನ್ನೂ ಸವಿಸ್ತಾರವಾಗಿ ವರ್ಣಿಸುವ ನಮ್ಮ ಚರಿತ್ರೆಯ ಪುಸ್ತಕಗಳು ಈ ಅರೆಸೈನಿಕನ ವಿಷಯದಲ್ಲಿ ಒಂದೆರಡು ವಾಕ್ಯಗಳಿಗೆ ಮಿಗಿಲಾಗಿ ಏನನ್ನೂ ಹೇಳುವುದಿಲ್ಲ. ಸಂಸ್ಥಾನದ ಬಲಾಬಲಗಳನ್ನು ಅಳೆಯುವುದಕ್ಕೆ ಮಾತ್ರ ಇವನಿಗಿಂತ ಒಳ್ಳೆಯ ಅಳತೆಗೋಲು ಸಿಕ್ಕುವುದು ಕಷ್ಟ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಈ ಸೀಮೆಯನ್ನು ಸುತ್ತಿ ನೋಡಿದ ಫ್ರಾನ್ಸಿಸ್ ಬುಕಾನನ್ನನೂ, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದು ಈ ನಾಡಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸನೂ ಕಂದಾಚಾರವನ್ನು ತಮ್ಮ ನಾಡಿನವರಿಗೆ ತಿಳಿಯಹೇಳಬೇಕಾದಾಗ ಅವರಿಗೆ ಒದಗಿಬಂದ ಮಾತು ಮಿಲಿಷಿಯ ಎಂಬುದು. ಸೈನಿಕನನ್ನು ಹೇಳುವ ಲ್ಯಾಟಿನ್ ಶಬ್ದದಿಂದ ಹುಟ್ಟಿದ ಆ ಮಾತು ಮೊದಲು ಸೈನ್ಯವೃತ್ತಿಯನ್ನು ಸೂಚಿಸುತ್ತಿದ್ದು, ಇಂಗ್ಲೆಂಡಿನಲ್ಲಿ ಕ್ರಮೇಣ, ಮನೆಮಠ ಕಸುಬುಗಳನ್ನು ಬಿಡದೆ ಆಪತ್ಕಾಲದಲ್ಲಿ ಮಾತ್ರ ಶಸ್ತ್ರ ಹಿಡಿಯುವ ನಾಡಿನ ಜನರ ಪಡೆಗೆ ಮೀಸಲಾಯಿತು. 1757ರ ಕಾನೂನಿನಂತೆ ಅಲ್ಲಿ ಪ್ರತಿಯೊಂದು ಜಿಲ್ಲೆಯಿಂದಲೂ ಚೀಟಿಯೆತ್ತಿ ಇಂಥ ಆಳುಗಳನ್ನು ಆರಿಸುತ್ತಿದ್ದರು. ಇಂದು ಪತ್ರಿಕೆಗಳಲ್ಲಿ ಅರೆಸೇನಾ ಪಡೆ ಎಂದು ನಾವು ಓದುವುದರ ಹಿಂದಿರುವ ಪ್ಯಾರಾಮಿಲಿಟರಿ ಎಂಬ ಶಬ್ದವಾದರೋ ತೀರ ಈಚಿನದು. ಪಕ್ಕದಲ್ಲಿರುವುದು ಎಂಬರ್ಥದ ಗ್ರೀಕ್ ಉಪಸರ್ಗವನ್ನು ಸೈನ್ಯವಾಚಕಕ್ಕೆ ಸೇರಿಸಿ, ಯೂರೋಪಿನ ರಾಜಕೀಯ ಪಕ್ಷಗಳು ಸಮವಸ್ತ್ರ ತೊಟ್ಟು ಬೀದಿಗಳಲ್ಲಿ ಕವಾಯತು ಮಾಡತೊಡಗಿದ 1930ರ ದಶಕದಲ್ಲಿ ಅದನ್ನು ಚಲಾವಣೆಗೆ ತಂದರು. ಶಬ್ದ ಹೊಸದಾದರೂ ವಸ್ತು ಹಳೆಯದು. ನಮ್ಮ ನಾಡಿನಲ್ಲಿಯಂತೂ ಅದಕ್ಕೆ ಕಲ್ಲಿನ ಸಾಕ್ಷಿಯೇ ಉಂಟು.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949-50ರ ಕಾಲದ ಶಿಲೆ ಕನ್ನಡ ಶಾಸನಗಳಲ್ಲೆಲ್ಲ ವಿಲಕ್ಷಣವಾದದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದಾಗ ಅವನ ಪಕ್ಕದಲ್ಲಿ ಹೋರಾಡಿದ ವೀರ ಮಣಲೆರ. ಒಡೆಯನು ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೆರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಬೆಳತೂರಿನ ಬೆಟ್ಟದ ಬಳಿ ಕಾಡುಹಂದಿಯೊಂದಿಗೆ ಕಾದಿ, ಹಂದಿಯೂ ನಾಯಿಯೂ ಒಟ್ಟಿಗೆ ಮಡಿದುವು. ಅದರ ನೆನಪಿಗಾಗಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆಂದು ಭೂಮಿಯನ್ನು ಬಿಡಲಾಯಿತು. ನಾಯಿಯ ಕಥೆ ಎಲ್ಲರೂ ಬಲ್ಲದ್ದು. ನಮ್ಮ ಪ್ರಸ್ತಾವಕ್ಕೆ ಮುಖ್ಯವಾದುದು ಅದೇ ಶಾಸನ ಹೇಳುವ ಇನ್ನೊಂದು ಸಂಗತಿ. ಬೂತುಗನು ಮಣಲೆರನಿಗೆ ಆತಕೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ, ಎಂದರೆ ಕತ್ತಿಯ ಸೇವೆಗೆ ಸಲ್ಲುವ ಮಾನ್ಯವಾಗಿ, ಕೊಟ್ಟನೆಂಬುದು ಅದು. ಹೋರಾಡಿದವನಿಗೆ ನೆಲ, ಮಡಿದವನ ಮನೆಯವರಿಗೆ ನೆತ್ತರುಗೊಡಗೆ: ಈ ವ್ಯವಸ್ಥೆಯಲ್ಲಿ ಸೈನಿಕನನ್ನು ಒಡೆಯನಿಗೆ ಕಟ್ಟಿಹಾಕಿದ್ದುದು ತಿಂಗಳ ಸಂಬಳವಲ್ಲ, ಉಳುವ ಹೊಲ.

ವಿಜಯನಗರದ ಕಾಲದಲ್ಲಿ ಈ ವ್ಯವಸ್ಥೆ ನಾಯಕರ ಮತ್ತು ಪಾಳೆಯಗಾರರ ಕೈಗೆ ಬಂದಿತು. ಒಬ್ಬೊಬ್ಬ ಪಾಳೆಯಗಾರನಿಗೂ ಒಂದು ಮಣ್ಣಿನ ಕೋಟೆ, ಕೋಟೆಯ ಸುತ್ತಣ ಹಳ್ಳಿಗಳಲ್ಲಿ ಉಂಬಳಿ ಉಣ್ಣುತ್ತಿದ್ದ ಕಾಲಾಳು. ಚಕ್ರವರ್ತಿಯ ಬಲ ಕುಂದಿದೊಡನೆ ಆ ಕಾಲಾಳುಗಳ ನಿಷ್ಠೆ ಪಾಳೆಯಗಾರನಾಚೆಗೆ ಹೋಗುತ್ತಿರಲಿಲ್ಲವಾದ್ದರಿಂದ, ಚನ್ನಪಟ್ಟಣದ ಜಗದೇವರಾಯನ ವಂಶದಂಥ ಪ್ರಬಲರನ್ನು 1630ರಲ್ಲಿ ಅಡಗಿಸಿ ರಾಜ್ಯವನ್ನು ವಿಸ್ತರಿಸಿದ ಮೈಸೂರು ಒಡೆಯರಿಗೆ ಎದುರಾದ ಪ್ರಶ್ನೆ ಕೋಟೆಗಳನ್ನು ಗೆಲ್ಲುವುದಷ್ಟೇ ಆಗಿರಲಿಲ್ಲ. ಆ ಕೋಟೆಗಳ ಆಳುಗಳನ್ನು ತಮ್ಮವರನ್ನಾಗಿ ಮಾಡಿಕೊಳ್ಳುವುದು ಹೇಗೆಂಬುದಾಗಿತ್ತು. ಅದಕ್ಕೆ ಆಡಳಿತದ ಉತ್ತರವನ್ನು ಕಂಡುಕೊಂಡವರು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು. ಅವರು ರಚಿಸಿದ ಹದಿನೆಂಟು ಚಾವಡಿಗಳೊಳಗೆ, ಎಂದರೆ ಇಲಾಖೆಗಳೊಳಗೆ, ಎರಡು ಕಂದಾಚಾರಕ್ಕೆ ಸಂಬಂಧಿಸಿದುವು. ಸೀಮೆಯ ಕಂದಾಚಾರದ ಚಾವಡಿ ಪ್ರಾಂತಗಳಲ್ಲಿ ಹರಡಿದ್ದ ಪಡೆಯ ಲೆಕ್ಕಪತ್ರಗಳನ್ನೂ, ಬಾಗಿಲ ಕಂದಾಚಾರದ ಚಾವಡಿ ರಾಜಧಾನಿಯ ಪಡೆಯ ಲೆಕ್ಕಪತ್ರಗಳನ್ನೂ ನೋಡಿಕೊಳ್ಳುತ್ತಿದ್ದುವು. ಪಾಳೆಯಗಾರನ ಬಾಯಿಲೆಕ್ಕದಲ್ಲಿದ್ದ ಆಳು ಅಂದಿನಿಂದ ಅರಸನ ಕಡತದಲ್ಲಿ ಹೆಸರಾದನು.

ಆ ಕಡತದ ಹೆಸರು ವಾಸ್ತವದಲ್ಲಿ ಯಾರದು? ಬೇಡರೇ ಮೊದಲಾದ, ತಲೆತಲಾಂತರದಿಂದ ಶಸ್ತ್ರ ಹಿಡಿದು ಬಂದ ಮನೆತನಗಳ ರೈತನೊಬ್ಬನದು. ಬತ್ತಿಯ ಕೋವಿ, ಇಲ್ಲವೆ ಈಟಿ, ಸೊಂಟದಲ್ಲೊಂದು ಕತ್ತಿ, ಇವೇ ಅವನ ಆಯುಧ. ಕೋವಿಯೆಂದರೂ ಬತ್ತಿಗೆ ಕಿಡಿ ಹೊತ್ತಿಸಿ, ಮಳೆಗೂ ಗಾಳಿಗೂ ಅದು ಆರದಂತೆ ಕಾಪಾಡಿಕೊಂಡು ಗುರಿಯಿಡಬೇಕಾದ ಸಾಧನ. ಸಾಲುಸಾಲಾಗಿ ನಿಂತು ಒಂದೇ ಆಜ್ಞೆಗೆ ಗುಂಡು ಹಾರಿಸುವ ಕವಾಯತಿನ ಸಿಪಾಯಿಯ ಎದುರು ಬಯಲಿನಲ್ಲಿ ಅದು ನಿಲ್ಲಲಾರದು. ಆದರೆ ಬಯಲಿನ ಕಾಳಗ ಅವನ ನಿತ್ಯದ ಕೆಲಸವೂ ಆಗಿರಲಿಲ್ಲ. ಊರ ಕೋಟೆಯನ್ನು ಕಾಯುವುದು, ಕಂದಾಯದ ಹಣ ಹುಜೂರಿಗೆ ಹೋಗುವಾಗ ಜೊತೆಯಲ್ಲಿ ನಡೆಯುವುದು, ಘಟ್ಟದ ದಾರಿಗಳಲ್ಲಿ ಪಹರೆಯಿರುವುದು, ಕಳ್ಳರ ಜಾಡು ಹಿಡಿಯುವುದು, ಇವುಗಳಲ್ಲಿ ಅವನಿಗೆ ಸಮನಾದವರು ಇರಲಿಲ್ಲ. ಏಕೆಂದರೆ ಯಾವ ಹಳ್ಳದ ಮರೆಯಲ್ಲಿ ಯಾರು ಅಡಗುವರು, ಯಾವ ಊರಿನ ತಳವಾರ ಯಾರ ನೆಂಟನೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂಗಾರು ಹದವಾದಾಗ ಅವನು ರಾಗಿಯ ಹೊಲದಲ್ಲಿರುತ್ತಿದ್ದನು; ಕರೆ ಬಂದಾಗ ಠಾಣೆಯಲ್ಲಿರುತ್ತಿದ್ದನು.

ಹೈದರಲಿ ಮತ್ತು ಟಿಪ್ಪುವಿನ ಆಳ್ವಿಕೆಯಲ್ಲಿ ಮೈಸೂರಿನ ಯುದ್ಧಗಳ ಪ್ರಮಾಣವೇ ಬೇರೆಯಾಯಿತು. ಫ್ರೆಂಚರಿಂದ ಪಾಠ ಕಲಿತ ಕಾಲಾಳು, ಫಿರಂಗಿ, ರಾಕೆಟ್ಟುಗಳ ಮುಂದೆ ನಾಡಪಡೆ ಹಿನ್ನೆಲೆಗೆ ಸರಿದರೂ, ಯುದ್ಧ ನಡೆದ ನೆಲ ಮಾತ್ರ ಅದರದೇ ಆಗಿದ್ದಿತು. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಹೆದ್ದಾರಿ ಮದ್ದೂರು ಮಂಡ್ಯಗಳ ಮೂಲಕವೂ, ದಕ್ಷಿಣದ ಇನ್ನೊಂದು ದಾರಿ ಕಾನಕಾನಹಳ್ಳಿ ಮಳವಳ್ಳಿಗಳ ಮೂಲಕವೂ ಹಾದುಹೋಗುತ್ತಿದ್ದುದರಿಂದ, ಬೆಂಗಳೂರಿನ ಕಡೆಯಿಂದ ರಾಜಧಾನಿಯ ಮೇಲೆ ಏರಿಬಂದ ದಂಡುಗಳು ಬಹುಮಟ್ಟಿಗೆ ಈ ತಾಲ್ಲೂಕುಗಳ ಹೊಲಗದ್ದೆಗಳನ್ನು ತುಳಿದೇ ಹೋಗಬೇಕಾಗಿದ್ದಿತು. 1791ರಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದಕ್ಷಿಣದ ದಾರಿ ಹಿಡಿದು ಬಂದಾಗ ಟಿಪ್ಪು ಮುಂಚಿತವಾಗಿಯೇ ಮೇವು ಕಾಳುಗಳನ್ನು ಸುಡಿಸಿ ಹಳ್ಳಿಗಳನ್ನು ಬರಿದು ಮಾಡಿಸಿದ್ದನು. ಮೇ 15ರಂದು ಅರಕೆರೆಯ ಬಳಿ ಕಾಳಗವನ್ನು ಗೆದ್ದರೂ ಕಾರ್ನ್‌ವಾಲಿಸನು ಹಸಿದ ಸೈನ್ಯದೊಡನೆ, ಮುತ್ತಿಗೆಯ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಬೇಕಾಯಿತು. ಹೈದರನು ಬಲಪಡಿಸಿದ್ದ ಮದ್ದೂರಿನ ಕೋಟೆ ಇಂಗ್ಲಿಷರ ವಶವಾಗಿ ಕೆಡವಲ್ಪಟ್ಟುದೂ ಇದೇ ಯುದ್ಧದಲ್ಲಿ.

ಎಂಟು ವರ್ಷಗಳ ತರುವಾಯ ಅದೇ ಕಥೆ ಇನ್ನೂ ಘೋರವಾಗಿ ಮರುಕಳಿಸಿತು. ಇಂಗ್ಲಿಷ್ ಸೇನಾಪತಿ ಹ್ಯಾರಿಸನ ಸೈನ್ಯವನ್ನು ಮದ್ದೂರಿನ ಹೊಳೆಯ ಕಡೆ ತಡೆಯಬೇಕೆಂದಿದ್ದ ಟಿಪ್ಪು, ಶತ್ರು ದಕ್ಷಿಣದ ದಾರಿ ಹಿಡಿದನೆಂದು ತಿಳಿದು ಅತ್ತ ತಿರುಗಿ, 1799ರ ಮಾರ್ಚ್ 27ರಂದು ಮಳವಳ್ಳಿಯ ಪಶ್ಚಿಮದ ಎತ್ತರದ ನೆಲದಲ್ಲಿ ಎದುರಿಸಿದನು. ಮುಂದೆ ವೆಲಿಂಗ್ಟನ್ ಎಂದು ಜಗತ್ತೇ ಹೆಸರು ಹೇಳಿದ ಆರ್ಥರ್ ವೆಲ್ಲೆಸ್ಲಿ ಅಂದು ಹ್ಯಾರಿಸನ ಎಡಪಾರ್ಶ್ವದಲ್ಲಿ ನಿಜಾಮನ ದಂಡಿನೊಂದಿಗಿದ್ದನು. ಕಾಳಗ ಟಿಪ್ಪುವಿಗೆ ಪ್ರತಿಕೂಲವಾಯಿತು; ಹ್ಯಾರಿಸನು ನೇರವಾದ ದಾರಿಯನ್ನು ಬಿಟ್ಟು ದಕ್ಷಿಣಕ್ಕೆ ಹೊರಳಿ ಸೋಸಲೆಯಲ್ಲಿ ಕಾವೇರಿಯನ್ನು ದಾಟಿದನು. ಹೈದರನು ತನ್ನ ಮಗನಿಗೆ ಜಹಗೀರಾಗಿ ಕೊಟ್ಟಿದ್ದ, ಹಣ್ಣಿನ ತೋಟ ಹಾಕಿಸಿದ್ದ ಮಳವಳ್ಳಿಯನ್ನು, ಶತ್ರುವಿಗೆ ಆಸರೆಯಾಗಬಾರದೆಂದು ಟಿಪ್ಪುವೇ ಹಾಳುಗೆಡವಿಸಿದನು. ಮೇ 4ರಂದು ರಾಜಧಾನಿ ಬಿದ್ದಿತು. ಅರಸರ ಜಯಾಪಜಯಗಳೇನೇ ಇರಲಿ, ಸುಟ್ಟುಹೋದದ್ದು ಕಂದಾಚಾರದವನ ಹೊಲ ಮನೆ.

ಯುದ್ಧ ಮುಗಿದ ಮಾತ್ರಕ್ಕೆ ಶಾಂತಿ ಬರಲಿಲ್ಲ. ಚದುರಿಹೋದ ಸಾವಿರಾರು ಸೈನಿಕರಿಗೆ ಕೆಲಸವಿರಲಿಲ್ಲ, ಕೈಯಲ್ಲಿ ಶಸ್ತ್ರವಿತ್ತು. ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆ ಹೊಂದಿದ ಧೋಂಡಿಯ ವಾಘನು ಅಂಥವರನ್ನೇ ಕೂಡಿಸಿಕೊಂಡು ಉತ್ತರದ ಸೀಮೆಗಳನ್ನು ನಡುಗಿಸಿ, 1800ರ ಸೆಪ್ಟೆಂಬರಿನಲ್ಲಿ ಕೋಣಗಲ್ಲಿನಲ್ಲಿ ಹತನಾಗುವವರೆಗೆ ವೆಲ್ಲೆಸ್ಲಿ ತನ್ನ ಬೆನ್ನಟ್ಟುವಂತೆ ಮಾಡಿದನು. ಬಾಲಕ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ದಿವಾನಗಿರಿ ಹೊತ್ತ ಪೂರ್ಣಯ್ಯನವರು ಈ ಪಾಠವನ್ನು ಚೆನ್ನಾಗಿ ಗ್ರಹಿಸಿದರು. ವಿಲ್ಕ್ಸನು ವಿವರಿಸುವಂತೆ, ಶಸ್ತ್ರವೃತ್ತಿಯ ಪ್ರತಿಯೊಂದು ಮನೆತನದಿಂದಲೂ ಒಬ್ಬನನ್ನಾದರೂ ಕಂದಾಚಾರದಲ್ಲಿ ಸೇರಿಸಿಕೊಳ್ಳುವುದು ಅವರ ನೀತಿಯಾಗಿದ್ದಿತು. ಅವನಿಗೆ ಬಹುಮಟ್ಟಿಗೆ ಭೂಮಿಯ ರೂಪದಲ್ಲಿ ಸಲ್ಲುವ ಅಲ್ಪ ಜೀವಿತ. ಊರು ಬಿಟ್ಟು ಕೆಲಸಕ್ಕೆ ಹೋದಾಗ ಪ್ರತ್ಯೇಕ ಭತ್ಯ. ಯುದ್ಧಕಾಲವನ್ನುಳಿದು ಮನೆಯಿಂದ ದೂರದ ಊರಿನಲ್ಲಿ ಶಾಶ್ವತವಾಗಿ ಇರಬೇಕಾಗಿಲ್ಲವೆಂಬ ಭರವಸೆ. ದಂಗೆಯೇಳಬಲ್ಲ ಮನೆಯ ಒಬ್ಬ ಮಗ ಸರ್ಕಾರದ ಅನ್ನ ಉಣ್ಣುತ್ತಿರುವಾಗ ಉಳಿದವರು ಅಷ್ಟು ಸುಲಭವಾಗಿ ದಂಗೆಯೇಳಲಾರರು. ಆಯುಧವನ್ನು ಕಿತ್ತುಕೊಳ್ಳುವುದಕ್ಕಿಂತ ಆಯುಧ ಹಿಡಿದವನಿಗೆ ನೆಲದಲ್ಲಿ ಬೇರು ಕೊಡುವುದೇ ಲೇಸೆಂಬ ಈ ವಿವೇಕ ಪೂರ್ಣಯ್ಯನವರ ಆಡಳಿತದ ಜಾಣ್ಮೆಗಳಲ್ಲೆಲ್ಲ ಶ್ರೇಷ್ಠವಾದುದೆಂದು ನನ್ನ ಎಣಿಕೆ.

ಇದೇ ಕಾಲದಲ್ಲಿ ಮೈಸೂರಿನ ಮತ್ತೊಂದು ಪಡೆ ದೇಶಾಂತರಗಳಲ್ಲಿ ಕೀರ್ತಿ ಗಳಿಸುತ್ತಿದ್ದಿತು. ತಮ್ಮ ಕುದುರೆಯನ್ನು ತಾವೇ ತಂದು ಚಾಕರಿ ಮಾಡುತ್ತಿದ್ದ ಸಿಲ್ಲೇದಾರರು 1803ರ ಅಸ್ಸಾಯೆಯ ಯುದ್ಧಕಾಲದಲ್ಲಿ ಬಿಷ್ಟಪ್ಪ ಪಂಡಿತರ ನಾಯಕತ್ವದಲ್ಲಿ ವೆಲ್ಲೆಸ್ಲಿಯ ಜೊತೆಗಿದ್ದರು. 1817ರ ಡಿಸೆಂಬರಿನಲ್ಲಿ ಮಹಿದಪುರದಲ್ಲಿ ಹೋಳ್ಕರನ ದಂಡನ್ನು ಎದುರಿಸಿದರು. 1807ರ ಒಪ್ಪಂದದಂತೆ ಸಂಸ್ಥಾನವು 4,000 ಕುದುರೆ ಸವಾರರನ್ನು ಈಸ್ಟ್ ಇಂಡಿಯಾ ಕಂಪೆನಿಯ ಸಹಾಯಕ್ಕಾಗಿ ಸದಾ ಸಿದ್ಧವಾಗಿಟ್ಟಿರಬೇಕೆಂದು ನಿಶ್ಚಯವಾಯಿತು. ಹೊರಗಿನ ಯುದ್ಧಗಳ ಈ ವೆಚ್ಚ ಬೊಕ್ಕಸದ ಮೇಲೆ ಬಿದ್ದಷ್ಟೂ ಒಳನಾಡಿನ ಪಡೆಯ ಅಲ್ಪ ಜೀವಿತಕ್ಕೆ ಕುತ್ತು ಬರುವುದು ಸ್ವಾಭಾವಿಕ.

1811ರಲ್ಲಿ ಪೂರ್ಣಯ್ಯನವರು ನಿವೃತ್ತರಾದ ಮೇಲೆ ಅವರು ಕೂಡಿಸಿಟ್ಟಿದ್ದ ಹಣ ಕರಗಿತು. ನಿಗದಿಯಾದ ಮೊತ್ತವನ್ನು ತಂದೊಪ್ಪಿಸುವ ಷರತ್ತಿನ ಮೇಲೆ ಕಂದಾಯವನ್ನು ಅಮಲ್ದಾರರಿಗೆ ವಹಿಸಿದ ಪದ್ಧತಿಯಿಂದ ರೈತರು ನಲುಗಿದರು. ಪಡೆಗಳ ಸಂಬಳ ತಿಂಗಳುಗಟ್ಟಲೆ ಬಾಕಿ ಬಿದ್ದಿತು. ಕಂದಾಚಾರದ ಆಳು ಈಗ ವಿಚಿತ್ರವಾದ ಇಕ್ಕಟ್ಟಿಗೆ ಸಿಕ್ಕಿದನು. ರೈತನಾಗಿ ತಾನೇ ತೆರಲಾರದ ಕಂದಾಯವನ್ನು, ಆಳಾಗಿ, ನೆರೆಯವನ ಬಾಗಿಲಿಗೆ ಹೋಗಿ ವಸೂಲು ಮಾಡಿಸಬೇಕು. ಅದಕ್ಕಾಗಿ ಬರಬೇಕಾದ ಸಂಬಳವೂ ಕೈಗೆ ಬಾರದು. 1830ರಲ್ಲಿ ನಗರದ ಸೀಮೆಯಲ್ಲಿ ರೈತರು ಕೂಟ ಸೇರಿ ದಂಗೆಯೆದ್ದಾಗ ಅದನ್ನು ಅಡಗಿಸಲು ಸಂಸ್ಥಾನದ ಸ್ವಂತ ಬಲ ಸಾಲದೆ ಕಂಪೆನಿಯ ದಂಡನ್ನು ಕರೆಸಿಕೊಳ್ಳಬೇಕಾಯಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಆಡಳಿತವನ್ನೇ ಅರಸರ ಕೈಯಿಂದ ತೆಗೆದುಕೊಂಡನು. ಯಾವ ಬೇರಿನಿಂದ ಈ ಪಡೆ ಸಾರ ಹೀರುತ್ತಿದ್ದಿತೋ ಆ ಬೇರನ್ನು ಕಡಿದವರು ಶತ್ರುಗಳಲ್ಲ, ಅದನ್ನು ಸಾಕಬೇಕಾಗಿದ್ದವರೇ.

ಅಲ್ಲಿಂದ ಮುಂದೆ ಬ್ರಿಟಿಷ್ ಕಮಿಷನರುಗಳ ಆಡಳಿತದ ಐವತ್ತು ವರ್ಷಗಳಲ್ಲಿ ಕಂದಾಚಾರ ಹೆಸರಿನಲ್ಲಿ ಉಳಿದು ಸ್ವರೂಪದಲ್ಲಿ ಬೇರೆಯಾಯಿತು. ತಾಲ್ಲೂಕಿನಲ್ಲಿ ಅಮಲ್ದಾರನ ಕೈಕೆಳಗೆ ಕಿಲ್ಲೇದಾರ, ಅವನ ಕೆಳಗೆ ಹೋಬಳದಾರ, ದಫೇದಾರ, ಕೊನೆಗೆ ಕಂದಾಚಾರದ ಪೇದೆ ಎಂಬ ಶ್ರೇಣಿ ಏರ್ಪಟ್ಟಿತು. ಕಿಲ್ಲೇದಾರನೆಂದರೆ ಕೋಟೆಯ ಅಧಿಪತಿ. ಕೋಟೆಗಳು ಪಾಳುಬಿದ್ದಿದ್ದರೂ ಬಿರುದು ಉಳಿದು, ಅದನ್ನು ಹೊತ್ತವನು ಪೊಲೀಸಿನ ಮೇಲ್ವಿಚಾರಕನಾದನು. ಪೇದೆ ಬೆಳಿಗ್ಗೆ ಕಂದಾಯದ ಬಾಕಿದಾರನನ್ನು ಕರೆತರಲು ಹೋಗುವನು, ಮಧ್ಯಾಹ್ನ ಕಚೇರಿಯ ಕಾಗದ ಒಯ್ಯುವನು, ರಾತ್ರಿ ಖಜಾನೆಯ ಮುಂದೆ ಪಹರೆ ನಿಲ್ಲುವನು. ಎಲ್ಲ ಕೆಲಸಕ್ಕೂ ಒದಗುವವನಿಗೆ ಯಾವ ಕೆಲಸದಲ್ಲಿಯೂ ಶಿಕ್ಷಣವಿಲ್ಲವೆಂದು ಹೊಸ ಕಾಲದ ಅಧಿಕಾರಿಗಳು ಆಕ್ಷೇಪಿಸಿದರು. ಆಕ್ಷೇಪ ನಿರಾಧಾರವೂ ಆಗಿರಲಿಲ್ಲ. ಕ್ರಮೇಣ ಸಮವಸ್ತ್ರದ, ತಿಂಗಳ ಸಂಬಳದ, ಎಲ್ಲಿಗೆಂದರೆ ಅಲ್ಲಿಗೆ ವರ್ಗವಾಗುವ ಪೊಲೀಸಿನವನು ಬಂದು, ಹೊಲಕ್ಕೂ ಠಾಣೆಗೂ ನಡುವೆ ಇದ್ದ ಹಳೆಯ ಕಾಲುದಾರಿ ಮುಚ್ಚಿಹೋಯಿತು. 1881ರಲ್ಲಿ ಆಡಳಿತ ಅರಸರಿಗೆ ಮರಳಿದ ಮೇಲೆ ಸಿಲ್ಲೇದಾರರ ಸ್ಥಾನದಲ್ಲಿ ಸುಶಿಕ್ಷಿತ ಲ್ಯಾನ್ಸರುಗಳ ದಳ ಸಿದ್ಧವಾಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ಹಿಡಿದ ಆ ದಳದ ಸಾಹಸಕ್ಕೆ ದೆಹಲಿಯ ತೀನ್‌ಮೂರ್ತಿ ಸ್ಮಾರಕ ಸಾಕ್ಷಿಯಾಗಿ ನಿಂತಿದೆ. ಕಂದಾಚಾರಕ್ಕೆ ಮಾತ್ರ ಯಾರೂ ಸ್ಮಾರಕ ಕಟ್ಟಲಿಲ್ಲ.

ಸರ್ಕಾರ ಕೈಬಿಟ್ಟ ಜಾಗವನ್ನು ಇಪ್ಪತ್ತನೆಯ ಶತಮಾನದಲ್ಲಿ ಬೇರೊಂದು ಬಗೆಯ ಅರೆಸೈನಿಕ ತುಂಬಿದನು. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರ ಕಾಕಿನಾಡ ಕಾಂಗ್ರೆಸ್ಸಿನ ಸಮಯದಲ್ಲಿ ಸ್ಥಾಪಿಸಿದ ಹಿಂದೂಸ್ತಾನಿ ಸೇವಾದಳವು ಖಾದಿಯ ಸಮವಸ್ತ್ರ, ಸಾಲುನಡಿಗೆ, ಆಜ್ಞಾಪಾಲನೆಗಳನ್ನು ಸತ್ಯಾಗ್ರಹಕ್ಕೆ ತಂದಿತು. ಅಹಿಂಸೆಯನ್ನು ವ್ರತವಾಗಿ ಹಿಡಿದವರಿಗೆ ದಂಡಿನ ಶಿಸ್ತೇಕೆಂದು ಸಂಶಯಪಟ್ಟವರು ಆಗಲೇ ಇದ್ದರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಮಹಾಸಭೆಯನ್ನು ಸ್ವಯಂಸೇವಕರು ನಿರ್ವಹಿಸಿದ ರೀತಿ ಆ ಸಂಶಯಕ್ಕೆ ಒಂದು ಬಗೆಯ ಉತ್ತರವಾಯಿತು. ಯೂರೋಪಿನ ಬೀದಿಗಳಲ್ಲಿ ಸಮವಸ್ತ್ರದ ಪಕ್ಷಪಡೆಗಳು ಜನರನ್ನು ಬಡಿಯುತ್ತಿದ್ದಾಗ ಇಲ್ಲಿಯ ಸಮವಸ್ತ್ರದವನು ಬಡಿಸಿಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದನು.

ಸಂಬಳದ ಪೊಲೀಸಿನ ಶಿಸ್ತೂ ಸ್ವಯಂಸೇವಕನ ಶಿಸ್ತೂ ಮಂಡ್ಯದ ನೆಲದಲ್ಲಿ ಪರಸ್ಪರ ಎದುರುನಿಂತುದು 1938ರ ಏಪ್ರಿಲ್ 11ರಂದು. ಕನ್ನಂಬಾಡಿಯ ನಾಲೆಯ ನೀರು ಹರಿದು, 1933ರಲ್ಲಿ ಸಕ್ಕರೆಯ ಕಾರ್ಖಾನೆಯೂ ಸ್ಥಾಪಿತವಾಗಿ, ಈ ಸೀಮೆಯ ರೈತ ತಲೆಯೆತ್ತುತ್ತಿದ್ದ ಕಾಲವದು. ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ರಾಷ್ಟ್ರಧ್ವಜವನ್ನು ಏರಿಸಕೂಡದೆಂದು ಸರ್ಕಾರ ನಿಷೇಧಾಜ್ಞೆ ಹೊರಡಿಸಿದ್ದಿತು. ಸಾಹುಕಾರ್ ಚನ್ನಯ್ಯ, ಎಚ್. ಕೆ. ವೀರಣ್ಣಗೌಡ, ಎಂ. ಎನ್. ಜೋಯಿಸ್ ಮೊದಲಾದವರು ಸಿದ್ಧಪಡಿಸಿದ್ದ ಬಯಲಿನಲ್ಲಿ, ಸಾವಿರಾರು ಮಂದಿ ರೈತರ ಸಮಕ್ಷಮ, ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಆಜ್ಞೆಯನ್ನು ಮೀರಿ ಬಂಧಿತರಾದರು. ಒಂದು ಕಡೆ ಲಾಠಿ ಹಿಡಿದ ಸಂಬಳದ ಪೊಲೀಸು, ಇನ್ನೊಂದು ಕಡೆ ಬರಿಗೈಯ ಸ್ವಯಂಸೇವಕ; ಅವರಿಬ್ಬರ ಅಜ್ಜಂದಿರು ಒಂದೇ ಕಂದಾಚಾರದಲ್ಲಿದ್ದಿರಬಹುದಾದ ನಾಡಿನಲ್ಲಿ ಇದು ಸಾಮಾನ್ಯವಾದ ಪಲ್ಲಟವಲ್ಲ. ಶಿವಪುರ ರಕ್ತಪಾತವಿಲ್ಲದೆ ಮುಗಿಯಿತು. ಎರಡು ವಾರಗಳ ತರುವಾಯ, ಏಪ್ರಿಲ್ 25ರಂದು, ವಿದುರಾಶ್ವತ್ಥದಲ್ಲಿ ಗುಂಡು ಹಾರಿತು, ಜನ ಸತ್ತರು. ವಲ್ಲಭಭಾಯಿ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ನಡುವೆ ಆದ ಒಪ್ಪಂದದಿಂದ ಸಂಸ್ಥಾನದ ಬಾವುಟದೊಡನೆ ರಾಷ್ಟ್ರಧ್ವಜವೂ ಹಾರಬಹುದೆಂದು ತೀರ್ಮಾನವಾಯಿತು.

ದೇಶೀಯ ಸಂಸ್ಥಾನಗಳಲ್ಲೆಲ್ಲ ಹಬ್ಬುತ್ತಿದ್ದ ಇಂಥ ಚಳವಳಿಗಳನ್ನು ಎದುರಿಸಲು ಅರಸರಿಗೆ ನೆರವಾಗಲೆಂದೇ ಬ್ರಿಟಿಷ್ ಸರ್ಕಾರ 1939ರ ಜುಲೈ 27ರಂದು ನೀಮಚ್ಚಿನಲ್ಲಿ ಕ್ರೌನ್ ರೆಪ್ರೆಸೆಂಟೇಟಿವ್ ಪೊಲೀಸ್ ಎಂಬ ದಳವನ್ನು ಕಟ್ಟಿತು. ಸ್ವಾತಂತ್ರ್ಯಾನಂತರ ಅದೇ ಸಿ.ಆರ್.ಪಿ.ಎಫ್. ಆಯಿತು. ಅದೇ ತಿಂಗಳ 1ನೆಯ ತಾರೀಖಿನಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆ ಜನಿಸಿದ್ದಿತೆಂಬುದು ಕೇವಲ ಕಾಕತಾಳೀಯ. ಆದರೂ ಈ ಜಿಲ್ಲೆಯವರು ಆ ದಳದ ವಂಶದವರನ್ನು ಅರಿಯದವರೇನಲ್ಲ. 2016ರ ಸೆಪ್ಟೆಂಬರಿನಲ್ಲಿ ಕಾವೇರಿಯ ನೀರಿಗಾಗಿ ನಾಡು ಕುದಿದಾಗ ರಾಜ್ಯಕ್ಕೆ ಬಂದ ಕೇಂದ್ರದ ಪಡೆಗಳಿಗೆ ನೀರು ಕೇಳುವವನ ಭಾಷೆಯೂ ಬಾರದು, ಅವನ ಗದ್ದೆಯ ಹದವೂ ತಿಳಿಯದು. ಅದು ಅವರ ದೋಷವೆನ್ನಲಾಗದು. ಸ್ಥಳದ ನಂಟಿಲ್ಲದಿರುವುದೇ ಅಂಥ ಪಡೆಯ ಗುಣವೆಂದು ಅದನ್ನು ಕಟ್ಟಿದವರು ಭಾವಿಸಿದ್ದರು. ನೆರೆಯವನ ಮೇಲೆ ಕೈಮಾಡಲು ಹಿಂಜರಿಯುವವನು ದೊಂಬಿಯ ದಿನ ಉಪಯೋಗಕ್ಕೆ ಬರಲಾರನೆಂಬ ಅವರ ತರ್ಕದಲ್ಲಿ ಸತ್ಯಾಂಶವೂ ಇದೆ.

ಕಂದಾಚಾರದ ನಿಜವಾದ ಉತ್ತರಾಧಿಕಾರಿಯನ್ನು ಆದ್ದರಿಂದ ನಾವು ಬೇರೆ ಕಡೆ ಅರಸಬೇಕು. 1962ರ ಕಾನೂನಿನಂತೆ ನಮ್ಮ ರಾಜ್ಯದಲ್ಲಿ ಏರ್ಪಟ್ಟ ಗೃಹರಕ್ಷಕ ದಳದ ಆಳು ತನ್ನ ಊರಿನಲ್ಲಿಯೇ ತನ್ನ ಕಸುಬನ್ನು ಮಾಡಿಕೊಂಡಿದ್ದು, ಚುನಾವಣೆಗೋ ಜಾತ್ರೆಗೋ ದಸರೆಗೋ ನೆರೆಹಾವಳಿಗೋ ಕರೆ ಬಂದಾಗ ಸಮವಸ್ತ್ರ ತೊಟ್ಟು, ದಿನದ ಲೆಕ್ಕದ ಭತ್ಯೆಗೆ ದುಡಿದು, ಮತ್ತೆ ಮನೆಗೆ ಹಿಂದಿರುಗುತ್ತಾನೆ. ಕೋವಿಯ ಬದಲು ಕೈಯಲ್ಲಿ ಲಾಠಿ ಇರುವುದನ್ನು ಬಿಟ್ಟರೆ ಪೂರ್ಣಯ್ಯನವರು ಅವನನ್ನು ಕೂಡಲೇ ಗುರುತಿಸಿಯಾರು. ಅವರ ಕಾಲದ ಆಳಿಗಿದ್ದ ಹೊಲದ ಆಧಾರ ಮಾತ್ರ ಇವನಿಗಿಲ್ಲ. ಆತಕೂರಿನ ಕಾಲದಿಂದ ಇಂದಿನವರೆಗೆ ಈ ಸೀಮೆಯ ಚರಿತ್ರೆ ಒಂದೇ ತತ್ತ್ವವನ್ನು ಮತ್ತೆ ಮತ್ತೆ ಹೇಳುತ್ತದೆ: ಅರೆಸೈನಿಕನನ್ನು ನಂಬಿಗಸ್ತನನ್ನಾಗಿಸುವುದು ಅವನ ಕವಾಯತಲ್ಲ, ಶಸ್ತ್ರವಲ್ಲ, ಅವನಿಗೆ ಕೊಟ್ಟ ಹೆಸರೂ ಅಲ್ಲ, ಹೊತ್ತಿಗೆ ಸರಿಯಾಗಿ ಅವನಿಗೆ ಸಲ್ಲುವ ಜೀವಿತ ಮತ್ತು ತನ್ನ ನೆರೆಯವರ ಮುಂದೆ ತಲೆ ತಗ್ಗಿಸಬೇಕಾಗದಂಥ ಕೆಲಸ. ಈ ಎರಡನ್ನೂ ಕೊಟ್ಟ ಸರ್ಕಾರಕ್ಕೆ ಆ ಪಡೆ ಸೈನ್ಯಕ್ಕಿಂತ ಅಗ್ಗವಾದ, ಸೈನ್ಯಕ್ಕಿಂತ ದೃಢವಾದ ಬಲವಾಯಿತು. 1831ಕ್ಕೆ ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಎರಡನ್ನೂ ಕೊಡದಿದ್ದುದರ ಬೆಲೆಯನ್ನು ಮೈಸೂರು ತನ್ನ ರಾಜ್ಯಾಧಿಕಾರದಲ್ಲಿಯೇ ತೆತ್ತಿತು.